ಪದಪಟ್ಟಿ ಪುಟದ ಹೊರಗಿರಲಿ: ಜಾವಾಸ್ಕ್ರಿಪ್ಟ್‌ನಲ್ಲಿ ಡೇಟಾ ಕಡತ ತರಿಸಿಕೊಳ್ಳುವ ಪಾಠ

ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಕೂತಿರುವ ಗೆಳೆಯರ ಕಷ್ಟ ನಮಗೆಲ್ಲ ಗೊತ್ತಿರೋದೇ. ಹೈಸ್ಕೂಲಿನಲ್ಲಿ 'ವೇಗೋತ್ಕರ್ಷ' ಅಂತ ಓದಿ, ಲೆಕ್ಕ ಮಾಡಿ, ಅಂಕ ತೆಗೆದುಕೊಂಡಿದ್ದನ್ನೇ ಇಲ್ಲಿ 'ಆಕ್ಸಲರೇಷನ್' ಅಂತಾರೆ. ಜಡತ್ವ ಇನರ್ಷಿಯಾ ಆಗಿರುತ್ತೆ, ಸಂವೇಗ ಮೊಮೆಂಟಮ್ ಆಗಿರುತ್ತೆ. ವಿಷಯ ಗೊತ್ತಿದೆ, ಹೆಸರು ಗೊತ್ತಿಲ್ಲ. ಆ ಒಂದು ಕಾರಣಕ್ಕೆ ಮೊದಲ ಇಂಟರ್ನಲ್ಸ್‌ನಲ್ಲಿ ಕೈ ಸುಟ್ಟುಕೊಂಡು, 'ನಮ್ಮ ಕೈಲಿ ಇಂಜಿನಿಯರಿಂಗ್ ಆಗಲ್ಲ' ಅಂದುಕೊಳ್ಳುವವರು ಪ್ರತಿ ವರ್ಷ ಇರ್ತಾರೆ.

ಇವರಿಗಾಗಿ ಒಂದು ಪದಪಟ್ಟಿಯ ವೆಬ್ ಪುಟ ಮಾಡೋಣ ಅನ್ನೋ ಆಸೆ ಕನ್ನಡ ಸಂಘಗಳಲ್ಲಿ ಆಗಾಗ ಹುಟ್ಟುತ್ತೆ. ಫೈನಲ್ ಇಯರ್‌ನ ಯಾರೋ ಒಬ್ಬರು ಪಟ್ಟು ಹಿಡಿದು ಕೂತು ಪುಟ ಮಾಡ್ತಾರೆ. ರಾಜ್ಯೋತ್ಸವದ ದಿನ ಬಿಡುಗಡೆಯೂ ಆಗುತ್ತೆ. ಜೂನ್ ಬಂತು ಅಂದ್ರೆ ಅವರು ಪಾಸಾಗಿ ಹೋಗ್ತಾರೆ. ಮುಂದಿನ ವರ್ಷ 'ಈ ಪದದ ಅರ್ಥ ಸರಿಯಿಲ್ಲ, ಇನ್ನೂ ನೂರು ಪದ ಸೇರಿಸಬೇಕು' ಅಂತ ಕನ್ನಡ ಚೆನ್ನಾಗಿ ಬಲ್ಲ ಸಿವಿಲ್‌ನ ಹುಡುಗಿಯೊಬ್ಬಳು ಮುಂದೆ ಬಂದರೆ, ಆಕೆಗೆ ಸಿಗೋದು ಸಾವಿರಾರು ಸಾಲಿನ ಹೆಚ್‌ಟಿಎಂಎಲ್ ಕಡತ. ಪದಗಳು ಟ್ಯಾಗ್‌ಗಳ ನಡುವೆ ಹೂತುಹೋಗಿರುತ್ತವೆ. ಒಂದು ಟ್ಯಾಗ್ ಆಚೀಚೆ ಆದರೆ ಇಡೀ ಕೋಷ್ಟಕ ಸೊಟ್ಟ ಆಗುತ್ತೆ. ಆಕೆ ಅಲ್ಲಿಗೇ ಕೈಬಿಡ್ತಾಳೆ, ಪದಪಟ್ಟಿ ಆ ವರ್ಷದ ಪದಗಳಲ್ಲೇ ನಿಂತುಬಿಡುತ್ತೆ.

ಇದಕ್ಕೆ ಪರಿಹಾರ ಹಳೆಯದು, ಸುಲಭದ್ದು: ಪುಟ ಬೇರೆ, ಪದ ಬೇರೆ. ಪುಟ ಹೇಗೆ ಕಾಣಬೇಕು ಅನ್ನೋದು ಹೆಚ್‌ಟಿಎಂಎಲ್‌ನಲ್ಲಿರಲಿ. ಪದಗಳು ಪಕ್ಕದಲ್ಲಿ ಒಂದು ಪ್ರತ್ಯೇಕ ಕಡತದಲ್ಲಿರಲಿ. ಪುಟ ತೆರೆದಾಗ ಜಾವಾಸ್ಕ್ರಿಪ್ಟ್ ಆ ಕಡತವನ್ನು ತರಿಸಿ, ಒಂದೊಂದೇ ಸಾಲು ಜೋಡಿಸಲಿ. ಆಗ ಕೋಡ್ ಬಾರದವರೂ ಪದ ತಿದ್ದಬಹುದು, ಕನ್ನಡ ಅಷ್ಟಾಗಿ ಬಾರದವರೂ ಪುಟ ಚೆಂದ ಮಾಡಬಹುದು. ಈ ಲೇಖನದಲ್ಲಿ ನಾವು ಹೇಳಹೊರಟಿರೋದು ಆ 'ತರಿಸುವ' ಕೆಲಸದ ಬಗ್ಗೆ. ಕಾಪಿ-ಪೇಸ್ಟ್‌ಗೆ ಸಿದ್ಧವಾದ ಕೋಡ್ ಇಲ್ಲಿ ಕೊಟ್ಟಿಲ್ಲ, ಅದು ಬೇಕಾದಷ್ಟು ಕಡೆ ಸಿಗುತ್ತೆ. ಆ ಕೋಡ್ ಯಾಕೆ ಕೈಕೊಡುತ್ತೆ, ಅದರಲ್ಲೂ ಕನ್ನಡ ಡೇಟಾ ಇದ್ದಾಗ ಎಲ್ಲೆಲ್ಲಿ ಕೈಕೊಡುತ್ತೆ ಅನ್ನೋದು ಅಷ್ಟು ಸುಲಭಕ್ಕೆ ಸಿಗಲ್ಲ. ಅದನ್ನೇ ಹೇಳ್ತೀವಿ.

ಕಡತ ಹೇಗಿರಬೇಕು

ಎರಡು ರೂಪ ಚಾಲ್ತಿಯಲ್ಲಿವೆ. ಒಂದು ಸಿಎಸ್‌ವಿ, ಅಂದ್ರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳು. ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಬರೆದು ಹಾಗೇ ಉಳಿಸಬಹುದು:

ಇಂಗ್ಲಿಷ್,ಕನ್ನಡ,ವಿವರ
ಆಕ್ಸಲರೇಷನ್,ವೇಗೋತ್ಕರ್ಷ,ಏಕಮಾನ ಕಾಲದಲ್ಲಿ ವೇಗದಲ್ಲಾಗುವ ಬದಲಾವಣೆ
ಇನರ್ಷಿಯಾ,ಜಡತ್ವ,"ನಿಂತದ್ದು ನಿಂತೇ ಇರುವ, ಚಲಿಸುತ್ತಿರುವುದು ಚಲಿಸುತ್ತಲೇ ಇರುವ ಗುಣ"

ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. ವಿವರದ ಒಳಗೇ ಒಂದು ಅಲ್ಪವಿರಾಮ ಇದೆ, ಹಾಗಾಗಿ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದೆ. ಹೊಸಬರು ಬರೆಯುವ ಕೋಡ್‌ನಲ್ಲಿ ಮೊದಲು ಮುರಿಯೋದೇ ಇಲ್ಲಿ. ಸಾಲನ್ನು ಅಲ್ಪವಿರಾಮ ಕಂಡಲ್ಲೆಲ್ಲ ಸ್ಪ್ಲಿಟ್ ಮಾಡಿದರೆ ಮೂರು ತುಂಡಾಗಬೇಕಿದ್ದದ್ದು ನಾಲ್ಕಾಗುತ್ತೆ, ಅರ್ಧ ವಿವರ ಮಾಯ. ವಿವರದೊಳಗೆ ಯಾರಾದರೂ ಎಂಟರ್ ಒತ್ತಿ ಎರಡು ಸಾಲು ಮಾಡಿದ್ದರೆ ಇನ್ನೂ ಗೋಜಲು, ಯಾಕಂದ್ರೆ ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಹೊಸ ಸಾಲೂ ಇರಬಹುದು. ಹಾಗಾಗಿ ಸಿಎಸ್‌ವಿ ಓದೋಕೆ ಸ್ವಂತ ಕೋಡ್ ಬರೆಯೋ ಶೌರ್ಯ ಬೇಡ. ಪಾಪಾ ಪಾರ್ಸ್ ಅನ್ನೋ ಲೈಬ್ರರಿ ಇದೆ, ಅದನ್ನು ಬಳಸಿ.

ಎರಡನೆಯದು ಜೇಸನ್. ಜಾವಾಸ್ಕ್ರಿಪ್ಟ್‌ನ ಆಬ್ಜೆಕ್ಟ್ ಬರೆಯುವ ಶೈಲಿಯಿಂದಲೇ ಹುಟ್ಟಿದ್ದು, ಹಾಗಾಗಿ ಬ್ರೌಸರ್‌ಗೆ ಇದನ್ನು ಓದೋದು ನೀರು ಕುಡಿದಷ್ಟು ಸಲೀಸು:

[
 { "ಇಂಗ್ಲಿಷ್": "ಆಕ್ಸಲರೇಷನ್", "ಕನ್ನಡ": "ವೇಗೋತ್ಕರ್ಷ" },
 { "ಇಂಗ್ಲಿಷ್": "ಇನರ್ಷಿಯಾ", "ಕನ್ನಡ": "ಜಡತ್ವ" }
]

ಹೌದು, ಕೀಲಿಪದಗಳನ್ನೂ ಕನ್ನಡದಲ್ಲೇ ಇಡಬಹುದು, ಜೇಸನ್‌ಗೂ ಜಾವಾಸ್ಕ್ರಿಪ್ಟ್‌ಗೂ ಅದರಲ್ಲಿ ತಕರಾರಿಲ್ಲ. ತಕರಾರು ಇರೋದು ಬೇರೆ ವಿಷಯಕ್ಕೆ. ಕೊನೆಯ ಸಾಲಿನ ನಂತರ ಒಂದು ಅಲ್ಪವಿರಾಮ ಹೆಚ್ಚಿಗೆ ಬಿದ್ದರೆ ಇಡೀ ಕಡತ ತಿರಸ್ಕೃತ. 'ಇದನ್ನು ಆಮೇಲೆ ನೋಡಬೇಕು' ಅಂತ ನಡುವೆ ಒಂದು ಟಿಪ್ಪಣಿ ಬರೆದರೂ ತಿರಸ್ಕೃತ. ಜೇಸನ್ ಮಡಿವಂತಿಕೆಯವರ ಮನೆ ಅಡುಗೆಮನೆ ಇದ್ದ ಹಾಗೆ, ನಿಯಮ ಸ್ವಲ್ಪ ತಪ್ಪಿದರೂ ಒಳಗೆ ಬಿಡಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಪದ ತಿದ್ದುವವರು ಕೋಡ್ ಬಾರದವರಾದರೆ ಸಿಎಸ್‌ವಿ ಇಡಿ. ಶೀಟ್‌ನಲ್ಲಿ ಕೆಲಸ ಮಾಡೋದು ಎಲ್ಲರಿಗೂ ಬರುತ್ತೆ. ಒಂದು ಪದಕ್ಕೆ ಎರಡು ಮೂರು ಅರ್ಥ, ಪ್ರತಿ ಅರ್ಥಕ್ಕೆ ಉದಾಹರಣೆ ಅಂತೆಲ್ಲ ಒಳಪದರಗಳು ಬಂದಾಗ ಮಾತ್ರ ಜೇಸನ್ ಬೇಕಾಗುತ್ತೆ.

ಟೋಕನ್ ಬೇರೆ, ದೋಸೆ ಬೇರೆ

1999ಕ್ಕಿಂತ ಮುಂಚೆ ಪುಟಕ್ಕೆ ಹೊಸ ಮಾಹಿತಿ ಬರಬೇಕಂದ್ರೆ ಸಾಮಾನ್ಯವಾಗಿ ಇಡೀ ಪುಟವೇ ಮತ್ತೆ ಲೋಡ್ ಆಗಬೇಕಿತ್ತು. ಆ ವರ್ಷ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ, ಪುಟ ಹಾಗೇ ಇದ್ದು ಹಿಂದಿನಿಂದ ಸರ್ವರ್ ಜೊತೆ ಮಾತಾಡುವ ಒಂದು ಸೌಲಭ್ಯ ಕೊಟ್ಟಿತು. ಔಟ್‌ಲುಕ್ ಮೇಲ್ ಅನ್ನು ಬ್ರೌಸರ್‌ನಲ್ಲಿ ತೋರಿಸಬೇಕಿತ್ತು, ಅದಕ್ಕಾಗಿ ಮಾಡಿದ್ದು. ಅದೇ ಮುಂದೆ ಎಕ್ಸ್‌ಎಂಎಲ್‌ಹೆಚ್‌ಟಿಟಿಪಿರಿಕ್ವೆಸ್ಟ್ ಅನ್ನೋ ಉದ್ದ ಹೆಸರಿನಲ್ಲಿ ಎಲ್ಲ ಬ್ರೌಸರ್‌ಗಳಿಗೂ ಬಂತು. ಜಿಮೇಲ್, ಗೂಗಲ್ ಮ್ಯಾಪ್ಸ್ ಇದರ ತಾಕತ್ತು ತೋರಿಸಿದವು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ 'ಅಜಾಕ್ಸ್' ಅಂತ ಹೆಸರಿಟ್ಟರು. ಹಳೆಯ ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಇವತ್ತಿಗೂ ಇರೋದು ಇದೇ. 2015ರಿಂದ ಬ್ರೌಸರ್‌ಗಳಲ್ಲಿ 'ಫೆಚ್' ಅನ್ನೋ ಚಿಕ್ಕ, ಚೊಕ್ಕ ಫಂಕ್ಷನ್ ಬಂದಿದೆ. ಹೊಸದಾಗಿ ಕಲಿಯೋರು ನೇರವಾಗಿ ಅದನ್ನೇ ಕಲಿತರೆ ಸಾಕು.

ಫೆಚ್‌ಗೆ ಕಡತದ ವಿಳಾಸ ಕೊಟ್ಟರೆ ಅದು ಕಡತ ತಂದುಕೊಡುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ತಂದುಕೊಡಲ್ಲ. ಅದು ಕೊಡೋದು ಒಂದು 'ಪ್ರಾಮಿಸ್'.

ಬೆಂಗಳೂರಿನ ಯಾವುದಾದರೂ ದರ್ಶಿನಿಗೆ ಹೋಗಿ. ಕ್ಯಾಶ್ ಕೌಂಟರ್‌ನಲ್ಲಿ ದುಡ್ಡು ಕೊಟ್ಟರೆ ಟೋಕನ್ ಕೊಡ್ತಾರೆ. ಟೋಕನ್ ಕೈಲಿದೆ ಅಂದ್ರೆ ದೋಸೆ ಬರುತ್ತೆ ಅಂತ ಅರ್ಥ, ದೋಸೆ ಬಂತು ಅಂತಲ್ಲ. ನಾವು ಟೋಕನ್ ಹಿಡಿದುಕೊಂಡು ಜಾಗ ಹುಡುಕ್ತೀವಿ, ನೀರು ತಗೊಳ್ತೀವಿ, ಅಷ್ಟರಲ್ಲಿ ಕಾವಲಿ ಮೇಲೆ ದೋಸೆ ಆಗ್ತಾ ಇರುತ್ತೆ. ಪ್ರಾಮಿಸ್ ಅಂದ್ರೆ ಈ ಟೋಕನ್. ಟೋಕನ್ ಸಿಕ್ಕಿದ ತಕ್ಷಣ ಅದನ್ನೇ ಚಟ್ನಿಗೆ ಅದ್ದಿ ತಿನ್ನೋಕೆ ಹೊರಟರೆ ಏನಾಗುತ್ತೋ, ಹೊಸಬರ ಕೋಡ್‌ನಲ್ಲಿ ಅದೇ ಆಗುತ್ತೆ. ಫೆಚ್ ಅಂತ ಬರೆದ ಮರುಸಾಲಿನಲ್ಲೇ ಪದಗಳನ್ನು ಎಣಿಸಿದರೆ ಸೊನ್ನೆ ಬರುತ್ತೆ. ಜಾವಾಸ್ಕ್ರಿಪ್ಟ್ ಆ ಸಾಲಿಗೆ ಬರುವಾಗ ಡೇಟಾ ಇನ್ನೂ ದಾರಿಯಲ್ಲಿರುತ್ತೆ.

ದೋಸೆ ಬಂದ ಮೇಲೆ ಮಾಡಬೇಕಾದ ಕೆಲಸವನ್ನು 'ದೆನ್' ಒಳಗೆ ಬರೀಬೇಕು. ಇಲ್ಲವೇ ಫಂಕ್ಷನ್ ಮುಂದೆ 'ಏಸಿಂಕ್' ಅಂತ ಹಾಕಿ, ಒಳಗೆ ಫೆಚ್‌ನ ಹಿಂದೆ 'ಅವೇಟ್' ಅಂತ ಬರೀಬೇಕು. ಎರಡನೆಯದು ಓದೋಕೆ ಸುಲಭ. ಅವೇಟ್ ಅಂದ್ರೆ 'ಈ ಫಂಕ್ಷನ್ ಇಲ್ಲೇ ನಿಂತಿರಲಿ, ಉಳಿದ ಪುಟ ಓಡಾಡಲಿ' ಅಂತ. ಇಲ್ಲಿ ಕಾಯೋದು ಒಂದು ಸಲ ಅಲ್ಲ, ಎರಡು ಸಲ. ಮೊದಲ ಅವೇಟ್‌ಗೆ ಬರೋದು ಸರ್ವರ್‌ನ ಉತ್ತರದ ತಲೆಬರಹ ಮಾತ್ರ: ಕಡತ ಇದೆಯೋ ಇಲ್ಲವೋ, ಯಾವ ಬಗೆಯದು ಅನ್ನೋ ವಿವರ. ಒಳಗಿನ ಪಠ್ಯ ಪೂರ್ತಿ ಬರೋಕೆ 'ಟೆಕ್ಸ್ಟ್' ಅಥವಾ 'ಜೇಸನ್' ಅನ್ನೋ ಮೆಥಡ್ ಕರೆದು ಇನ್ನೊಮ್ಮೆ ಅವೇಟ್ ಮಾಡಬೇಕು. ಎರಡನೇ ಅವೇಟ್ ಮರೆತು ತಲೆ ಕೆರೆದುಕೊಳ್ಳುವವರು ಪ್ರತಿ ಲ್ಯಾಬ್ ಬ್ಯಾಚ್‌ನಲ್ಲೂ ಸಿಗ್ತಾರೆ.

ಇಲ್ಲೊಂದು ಮೋಸ ಇದೆ, ಹೇಳಲೇಬೇಕು. ಡೇಟಾ ಬಂದಿದೆಯಾ ಅಂತ ನೋಡೋಕೆ ಪದಪಟ್ಟಿಯ ಅರೇಯನ್ನು ಕನ್ಸೋಲ್‌ನಲ್ಲಿ ಮುದ್ರಿಸ್ತೀರಿ. ಖಾಲಿ ಆವರಣ ಕಾಣುತ್ತೆ. ಪಕ್ಕದ ತ್ರಿಕೋನ ಒತ್ತಿ ಬಿಡಿಸಿ ನೋಡಿದರೆ ಒಳಗೆ ಪದಗಳೆಲ್ಲ ಇವೆ! ಕೋಡ್‌ಗೆ ಕಾಣದ್ದು ನಮಗೆ ಹೇಗೆ ಕಂಡಿತು? ಕಾರಣ ಇಷ್ಟೇ: ನಾವು ತ್ರಿಕೋನ ಒತ್ತಿದ ಕ್ಷಣದಲ್ಲಿ ಅರೇ ಹೇಗಿದೆಯೋ ಅದನ್ನು ಕನ್ಸೋಲ್ ತೋರಿಸುತ್ತೆ, ಮುದ್ರಿಸಿದ ಕ್ಷಣದ್ದನ್ನಲ್ಲ. ಅಷ್ಟರಲ್ಲಿ ದೋಸೆ ಬಂದಾಗಿರುತ್ತೆ. ಅನುಮಾನ ಬಂದರೆ ಅರೇ ಬದಲು ಅದರ ಉದ್ದವನ್ನು ಮುದ್ರಿಸಿ. ಸಂಖ್ಯೆ ಆಮೇಲೆ ಬದಲಾಗಲ್ಲ.

ಬ್ರಾಂಚ್‌ಗೊಂದು ಕಡತ ಇದ್ದರೆ, ಅಂದ್ರೆ ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್ ಅಂತ ಬೇರೆ ಬೇರೆ ಇದ್ದರೆ, ಒಂದರ ಹಿಂದೆ ಒಂದು ಅವೇಟ್ ಮಾಡಬೇಡಿ. ಒಂದು ದೋಸೆ ತಿಂದು ಮುಗಿಸಿ ಮತ್ತೆ ಕ್ಯೂನಲ್ಲಿ ನಿಂತು ಕಾಫಿ ಟೋಕನ್ ತಗೊಂಡ ಹಾಗಾಗುತ್ತೆ. ಎಲ್ಲ ಟೋಕನ್ ಒಟ್ಟಿಗೆ ತಗೊಳ್ಳಿ. ಅದಕ್ಕೆ 'ಪ್ರಾಮಿಸ್ ಆಲ್' ಇದೆ. ಆದರೆ ಅದರಲ್ಲಿ ಒಂದು ಕಡತ ಬರದಿದ್ದರೂ ಎಲ್ಲವೂ ಸೋತಂತೆ ಲೆಕ್ಕ. ಸಿವಿಲ್ ಕಡತ ಬರದಿದ್ದರೆ ಉಳಿದೆರಡನ್ನಾದರೂ ತೋರಿಸಬೇಕು ಅನ್ನೋರು 'ಪ್ರಾಮಿಸ್ ಆಲ್‌ಸೆಟಲ್ಡ್' ಬಳಸಬೇಕು.

ತಟ್ಟೆ ಬಂತು, ತಟ್ಟೆಯಲ್ಲಿ ಚೀಟಿ ಇದೆ

ದರ್ಶಿನಿಯ ಲೆಕ್ಕವನ್ನೇ ಮುಂದುವರಿಸೋಣ. ಟೋಕನ್ ಕೊಟ್ಟಿರಿ, ತಟ್ಟೆಯೂ ಬಂತು, ಆದರೆ ತಟ್ಟೆಯಲ್ಲಿ 'ದೋಸೆ ಹಿಟ್ಟು ಖಾಲಿ' ಅಂತ ಒಂದು ಚೀಟಿ ಇದೆ. ಇದು ಗೆಲುವೋ ಸೋಲೋ? ಫೆಚ್‌ನ ಪ್ರಕಾರ ಗೆಲುವು! ಸರ್ವರ್ ಏನೋ ಒಂದು ಉತ್ತರ ಕೊಟ್ಟಿತಲ್ಲ, ಅದಕ್ಕೆ ಅಷ್ಟು ಸಾಕು. ಕಡತವೇ ಇಲ್ಲದೆ ಸರ್ವರ್ 404 ಅಂದರೂ ಫೆಚ್ ಎರರ್ ಎಸೆಯಲ್ಲ. ನೆಟ್ ಇಲ್ಲ, ಸರ್ವರ್ ಸಿಗಲಿಲ್ಲ, ಬ್ರೌಸರ್ ತಡೆಯಿತು, ಇಂಥ ಸಂದರ್ಭದಲ್ಲಿ ಮಾತ್ರ ಅದು ಸೋಲು ಒಪ್ಪಿಕೊಳ್ಳೋದು.

ಇದರಿಂದ ಆಗುವ ಫಜೀತಿ ಎಲ್ಲರೂ ನೋಡಿರೋದೇ. ಕನ್ಸೋಲ್‌ನಲ್ಲಿ ಕೆಂಪಕ್ಷರದಲ್ಲಿ 'ಅನೆಕ್ಸ್‌ಪೆಕ್ಟೆಡ್ ಟೋಕನ್' ಅಂತ ಬಂದು, ಪಕ್ಕದಲ್ಲಿ < ಅನ್ನೋ ಚಿಹ್ನೆ ಕಾಣುತ್ತೆ. ನಮ್ಮ ಜೇಸನ್ ಕಡತದಲ್ಲಿ ಆ ಚಿಹ್ನೆ ಎಲ್ಲೂ ಇಲ್ಲವಲ್ಲ ಅಂತ ಅಲ್ಪವಿರಾಮ ಹುಡುಕುತ್ತಾ ರಾತ್ರಿ ಕಳೀತಾರೆ. ಕಡತದಲ್ಲಿ ತಪ್ಪೇ ಇಲ್ಲ. ಕಡತ ಸಿಗದೆ ಸರ್ವರ್ ಕಳಿಸಿದ್ದು 'ಪುಟ ಸಿಗಲಿಲ್ಲ' ಅನ್ನೋ ಹೆಚ್‌ಟಿಎಂಎಲ್ ಪುಟ. ಅದರ ಮೊದಲ ಅಕ್ಷರವೇ ಆ ಚಿಹ್ನೆ. ಅದನ್ನು ಜೇಸನ್ ಅಂತ ಓದೋಕೆ ಹೋಗಿ ಬ್ರೌಸರ್ ಮುಗ್ಗರಿಸಿದೆ, ಅಷ್ಟೇ.

ಹಾಗಾಗಿ ಉತ್ತರ ಬಂದ ಕೂಡಲೇ ಅದರ 'ಓಕೆ' ಅನ್ನೋ ಗುಣ ನಿಜವೋ ಸುಳ್ಳೋ ಅಂತ ನೋಡೋ ಒಂದು ಸಾಲು ಕಡ್ಡಾಯ. ಸ್ಥಿತಿಸಂಖ್ಯೆ 200ರಿಂದ 299ರೊಳಗಿದ್ದರೆ ಅದು ನಿಜ. ಸುಳ್ಳಾದರೆ ಅಲ್ಲೇ ನಿಲ್ಲಿಸಿ, ಓದುಗರಿಗೆ ಕನ್ನಡದಲ್ಲಿ ಒಂದು ಮಾತು ಹೇಳಿ: 'ಪದಗಳು ಸಿಗಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ' ಅಂತ. ಹಾಗೇ ಡೇಟಾ ಬರುವವರೆಗೆ 'ಪದಗಳು ಬರುತ್ತಿವೆ' ಅನ್ನೋ ಸಾಲೊಂದು ಕಾಣುತ್ತಿರಲಿ. ಲ್ಯಾಬ್‌ನ ನೆಟ್‌ನಲ್ಲಿ ಇದು ಬೇಕು ಅನಿಸಲ್ಲ. ಎಫ್12 ಒತ್ತಿ ನೆಟ್‌ವರ್ಕ್ ವಿಭಾಗದಲ್ಲಿ ವೇಗವನ್ನು 3ಜಿ ಮಟ್ಟಕ್ಕೆ ಇಳಿಸಿ ಒಮ್ಮೆ ನೋಡಿ. ರಜೆಗೆ ಊರಿಗೆ ಹೋಗಿ ಅರೆಬರೆ ಸಿಗ್ನಲ್‌ನಲ್ಲಿ ಪುಟ ತೆರೆಯುವ ಗೆಳೆಯರಿಗೆ ಕಾಣೋ ಖಾಲಿ ಪುಟ ನಿಮಗೂ ಕಾಣುತ್ತೆ.

404ಕ್ಕೆ ಕಾರಣಗಳಲ್ಲಿ ಒಂದು ಮಾತ್ರ ವಿಶೇಷ. ವಿಂಡೋಸ್‌ನಲ್ಲಿ ಕಡತದ ಹೆಸರಿನ ಇಂಗ್ಲಿಷ್ ಅಕ್ಷರಗಳು ದೊಡ್ಡವೋ ಚಿಕ್ಕವೋ ಅನ್ನೋದು ಲೆಕ್ಕಕ್ಕಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಲೆಕ್ಕಕ್ಕಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ ಪುಟ ಅಲ್ಲಿ ಏರಿಸಿದ ಕೂಡಲೇ ಮಲಗೋದು ಬಹಳ ಸಲ ಇದಕ್ಕೇ. ಹೆಸರೆಲ್ಲ ಚಿಕ್ಕ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡೋದು ಒಳ್ಳೇ ಅಭ್ಯಾಸ.

ಡಬಲ್ ಕ್ಲಿಕ್ ಮಾಡಿದರೆ ಯಾಕೆ ಓಡಲ್ಲ

ಪುಟವನ್ನು ಫೋಲ್ಡರ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ ಪಕ್ಕದ ಡೇಟಾ ಕಡತವನ್ನು ಕೊಡಲ್ಲ. ಕನ್ಸೋಲ್‌ನಲ್ಲಿ 'ಕಾರ್ಸ್' ಅನ್ನೋ ಪದ ಇರುವ ದೂರು ಕಾಣುತ್ತೆ. ಅದೇ ಫೋಲ್ಡರ್, ಅದೇ ಕಡತ, ಕೊಟ್ಟರೇನಂತೆ ಅಂತ ಸಿಟ್ಟು ಬರೋದು ಸಹಜ.

ಬ್ರೌಸರ್‌ನ ಜಾಗದಲ್ಲಿ ನಿಂತು ಯೋಚಿಸಿ. ಯಾರೋ ಮೇಲ್‌ನಲ್ಲಿ ಒಂದು ಹೆಚ್‌ಟಿಎಂಎಲ್ ಕಡತ ಕಳಿಸ್ತಾರೆ. ಅದು ಡೌನ್‌ಲೋಡ್ಸ್ ಫೋಲ್ಡರ್‌ಗೆ ಬರುತ್ತೆ. ನೀವು ತೆರೀತೀರಿ. ಪಕ್ಕದಲ್ಲಿರೋದನ್ನೆಲ್ಲ ಓದೋ ಹಕ್ಕು ಅದಕ್ಕಿದ್ದರೆ, ಅದೇ ಫೋಲ್ಡರ್‌ನಲ್ಲಿರುವ ನಿಮ್ಮ ಅಂಕಪಟ್ಟಿ, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಓದಿ ಎಲ್ಲಿಗೋ ಕಳಿಸಬಹುದು. ಅದಕ್ಕೇ ಡಿಸ್ಕ್‌ನಿಂದ ನೇರ ತೆರೆದ ಪ್ರತಿ ಕಡತವನ್ನೂ ಬ್ರೌಸರ್ ಊರು-ಹೆಸರಿಲ್ಲದ ಅಪರಿಚಿತನಂತೆ ನೋಡುತ್ತೆ. ಸರ್ವರ್ ಮೂಲಕ ಬಂದಾಗ ಮಾತ್ರ ಅದಕ್ಕೊಂದು ವಿಳಾಸ ಇರುತ್ತೆ. ವಿಳಾಸ ಒಂದೇ ಆಗಿದ್ದರೆ ಪುಟಕ್ಕೂ ಡೇಟಾಕ್ಕೂ ಒಂದೇ ಮನೆಯವರು ಅನ್ನೋ ನಂಬಿಕೆ.

ಹಾಗಾಗಿ ಲ್ಯಾಪ್‌ಟಾಪ್‌ನಲ್ಲೇ ಒಂದು ಪುಟ್ಟ ಸರ್ವರ್ ಓಡಿಸಿ. ಪೈಥಾನ್ ಇದ್ದರೆ ಅದರ ಜೊತೆಗೇ ಬರುವ ಹೆಚ್‌ಟಿಟಿಪಿ ಸರ್ವರ್ ಮಾಡ್ಯೂಲ್‌ಗೆ ಒಂದು ಸಾಲಿನ ಆಜ್ಞೆ ಸಾಕು, ಲೋಕಲ್‌ಹೋಸ್ಟ್ 8000ದಲ್ಲಿ ಪುಟ ಸಿಗುತ್ತೆ. ವಿಎಸ್ ಕೋಡ್ ಬಳಸುವವರಿಗೆ ಲೈವ್ ಸರ್ವರ್ ಅನ್ನೋ ಎಕ್ಸ್‌ಟೆನ್ಷನ್ ಇದೆ. ಇಂಟರ್ನೆಟ್‌ನಲ್ಲಿ ಸಿಗುವ ಯಾವುದೋ ಸಲಹೆ ನೋಡಿ ಕ್ರೋಮ್‌ನ ಭದ್ರತೆಯನ್ನೇ ಆಫ್ ಮಾಡಿ ತೆರೆಯೋದು ಬೇಡ. ಬಾಗಿಲ ಚಿಲಕ ಬಿಗಿ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ ಅದು.

ಬೇರೆಯವರ ಸರ್ವರ್‌ನಲ್ಲಿರೋ ಡೇಟಾ ಬೇಕಾದರೂ ಇದೇ ನಿಯಮ. ಅವರು ತಮ್ಮ ಉತ್ತರದ ತಲೆಬರಹದಲ್ಲಿ 'ಹೊರಗಿನವರು ಓದಬಹುದು' ಅಂತ ಬರೆದಿದ್ದರೆ ಮಾತ್ರ ನಿಮ್ಮ ಪುಟಕ್ಕೆ ಸಿಗುತ್ತೆ. ವಿಕಿಪೀಡಿಯದ ಎಪಿಐ ಅದಕ್ಕೆ ಅವಕಾಶ ಕೊಡುತ್ತೆ: ವಿಳಾಸದಲ್ಲಿ 'ಒರಿಜಿನ್' ಅಂತ ಬರೆದು ಅದಕ್ಕೆ ನಕ್ಷತ್ರ ಚಿಹ್ನೆ ಕೊಟ್ಟರೆ ಸಾಕು. ಪದದ ಪಕ್ಕ ಕನ್ನಡ ವಿಕಿಪೀಡಿಯ ಲೇಖನದ ಮೊದಲ ಪ್ಯಾರಾ ತೋರಿಸೋ ಆಸೆ ಇದ್ದರೆ ಮಾಡಿನೋಡಿ. ಅವಕಾಶ ಕೊಡದ ಜಾಲತಾಣದ ವಿಷಯದಲ್ಲಿ ನಿಮ್ಮ ಜಾವಾಸ್ಕ್ರಿಪ್ಟ್ ಎಷ್ಟೇ ತಿದ್ದಿದರೂ ಪ್ರಯೋಜನ ಇಲ್ಲ, ಬೀಗ ಇರೋದು ಅವರ ಕಡೆ.

ಕನ್ನಡದ ಪಾಡು

ಇಲ್ಲಿಯವರೆಗೆ ಹೇಳಿದ್ದು ಯಾವ ಭಾಷೆಗಾದರೂ ಸರಿ. ಇನ್ನು ಮುಂದಿನದು ನಮ್ಮ ಪಾಡು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್. 'ಕನ್ನಡ' ಅಂದ್ರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಕ, ನ, ಹಲಂತ, ನ, ಡ ಅಂತ ಐದು ಸಂಕೇತ, ಹದಿನೈದು ಬೈಟ್. ಇದನ್ನು ನೋಡಿ ಕನ್ನಡ ಕಡತ ಭಾರ ಅಂತ ಹೆದರಬೇಕಿಲ್ಲ. ಆ ಮೂರರಲ್ಲಿ ಮೊದಲ ಬೈಟ್ ಎಲ್ಲ ಕನ್ನಡ ಅಕ್ಷರಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಇಷ್ಟು ಪುನರಾವರ್ತನೆ ಇದ್ದರೆ ಸರ್ವರ್‌ನ ಜಿಜಿಪ್ ಚೆನ್ನಾಗಿ ಹಿಂಡಿ ಕಳಿಸುತ್ತೆ. ಸಾವಿರ ಪದದ ಪಟ್ಟಿ ಒಂದು ಫೋಟೋಗಿಂತ ಹಗುರ.

ತೊಂದರೆ ಇರೋದು ಉಳಿಸೋವಾಗ. ವಿಂಡೋಸ್‌ನ ಎಕ್ಸೆಲ್‌ನಲ್ಲಿ ಪದಗಳನ್ನು ಟೈಪ್ ಮಾಡಿ, ಸೇವ್ ಆಸ್‌ಗೆ ಹೋಗಿ, ಬರೀ ಸಿಎಸ್‌ವಿ ಅಂತ ಇರೋದನ್ನು ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ. ಇದು ಬರೀ ಕಾಣೋದರಲ್ಲಿನ ದೋಷ ಅಲ್ಲ. ಕಡತದೊಳಗೇ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಬರೆದಾಗಿದೆ, ಮರಳಿ ತರೋಕೆ ದಾರಿ ಇಲ್ಲ. ಒಂದು ತಿಂಗಳ ಕೆಲಸ ಒಂದು ಕ್ಲಿಕ್‌ಗೆ ಹೋಗಿಬಿಡುತ್ತೆ. ಅದೇ ಪಟ್ಟಿಯಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಇನ್ನೊಂದು ಆಯ್ಕೆ ಇರುತ್ತೆ, ಬೇಕಾದ್ದು ಅದು. ಇನ್ನೂ ಕ್ಷೇಮದ ದಾರಿ ಅಂದ್ರೆ ಗೂಗಲ್ ಶೀಟ್‌ನಲ್ಲಿ ಎಲ್ಲರೂ ಕೂಡಿ ತುಂಬಿ, ಅಲ್ಲಿಂದ ಸಿಎಸ್‌ವಿ ಇಳಿಸಿಕೊಳ್ಳೋದು. ಅದು ಯುಟಿಎಫ್-8ರಲ್ಲೇ ಬರುತ್ತೆ, ಫೆಚ್‌ನ ಟೆಕ್ಸ್ಟ್ ಮೆಥಡ್ ಕೂಡ ಯುಟಿಎಫ್-8 ಅಂತಲೇ ಓದುತ್ತೆ. ಇಳಿಸಿಕೊಂಡ ಕಡತವನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಆಸೆ ಮಾತ್ರ ಬೇಡ. ನೋಡಬೇಕಂದ್ರೆ ನೋಟ್‌ಪ್ಯಾಡ್‌ನಲ್ಲಿ ನೋಡಿ.

ಹಳೆಯ ಪದಪಟ್ಟಿಗಳು, ವಿಭಾಗದಲ್ಲಿ ಮೇಷ್ಟ್ರುಗಳು ಎಷ್ಟೋ ವರ್ಷದ ಹಿಂದೆ ಮಾಡಿಸಿಟ್ಟವು, ಬಹುಪಾಲು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಅವು ಯೂನಿಕೋಡ್ ಅಲ್ಲದಿದ್ದರೆ, ಒಳಗಿರೋದು ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಫಾಂಟ್ ತೆಗೆದರೆ ವೇಷ ಕಳಚುತ್ತೆ, ಪುಟದಲ್ಲಿ ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತವೆ. ಪುಟಕ್ಕೆ ಆ ಫಾಂಟ್ ಅಂಟಿಸಿ ಮುಚ್ಚಿಹಾಕೋದು ಪರಿಹಾರ ಅಲ್ಲ, ಹುಡುಕಾಟ ಕೆಲಸ ಮಾಡಲ್ಲ. ಮೊದಲು ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಬ್ಬರು ಕೂತು ಕಣ್ಣಿಂದ ಓದಿ ತಿದ್ದಬೇಕು. ಬೇಜಾರಿನ ಕೆಲಸ, ಆದರೆ ಒಂದೇ ಸಲ.

ಹುಡುಕಾಟದ ಮಾತು ಬಂತಲ್ಲ, ಅಲ್ಲೊಂದು ಸೂಕ್ಷ್ಮ ಇದೆ. 'ಟ್ರಾನ್ಸ್‌ಫಾರ್ಮರ್' ಅಂತ ಸರಿಯಾಗಿ ಕಾಣೋ ಹಾಗೆ ಬರೀಬೇಕಂದ್ರೆ ಸ್‌ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕ್ತೀವಿ. ಇಲ್ಲದಿದ್ದರೆ ಫಾ ಹೋಗಿ ಸ ಕೆಳಗೆ ಒತ್ತಾಗಿ ಕೂರುತ್ತೆ. ಈ ಸಂಕೇತದ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ನಮ್ಮ ಕಡತದಲ್ಲಿ ಅದಿದೆ. ಮೊಬೈಲ್‌ನಲ್ಲಿ ಹುಡುಕೋ ಜೂನಿಯರ್ ಅದನ್ನು ಹಾಕಿರಲ್ಲ, ಎಷ್ಟೋ ಕೀಬೋರ್ಡ್‌ಗಳಲ್ಲಿ ಆ ಕೀಲಿ ಕಣ್ಣಿಗೇ ಬೀಳಲ್ಲ. ಕಂಪ್ಯೂಟರ್‌ಗೆ ಎರಡೂ ಬೇರೆ ಬೇರೆ ಪದ. 'ಸಿಗಲಿಲ್ಲ' ಅಂತ ಬರುತ್ತೆ, ಪದ ಪಟ್ಟಿಯಲ್ಲೇ ಇದ್ದರೂ. ಹಾಗೇ 'ಕೊ' ಅನ್ನೋದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೀಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಸೇರಿಸಿ ಎರಡರಿಂದಲೂ ಬರೀಬಹುದು. ಕಾಣೋದು ಒಂದೇ ಥರ. ಹಾಗಾಗಿ ಹೋಲಿಸುವ ಮುಂಚೆ ಎರಡೂ ಕಡೆಯ ಪಠ್ಯಕ್ಕೆ 'ನಾರ್ಮಲೈಸ್' ಮೆಥಡ್ ಹಚ್ಚಿ, ಆ ಕಾಣದ ಸಂಕೇತವನ್ನು ಕಿತ್ತುಹಾಕಿ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ತೋರಿಸುವಾಗ ಮೂಲ ರೂಪವನ್ನೇ ತೋರಿಸಿ, ಹೋಲಿಕೆಗೆ ಮಾತ್ರ ಈ ತೊಳೆದ ರೂಪ.

ಅಕಾರಾದಿಗೂ ಇಂಥದ್ದೇ ಕಥೆ. ಯೂನಿಕೋಡ್ ಪಟ್ಟಿಯಲ್ಲಿ ಳ ಅಕ್ಷರ ಲ ಪಕ್ಕದಲ್ಲೇ ಕೂತಿದೆ, ವ ಶ ಷ ಸ ಹ ಎಲ್ಲದಕ್ಕಿಂತ ಮುಂಚೆ. ಬರೀ 'ಸಾರ್ಟ್' ಅಂದರೆ ಮಹಡಿಗಿಂತ ಮೊದಲು ಮಳೆ ಬರುತ್ತೆ. ನಿಘಂಟು ನೋಡಿ ಅಭ್ಯಾಸ ಇರುವವರಿಗೆ ಇದು ಕಿರಿಕಿರಿ. ಹೋಲಿಕೆಗೆ 'ಲೊಕೇಲ್‌ಕಂಪೇರ್' ಬಳಸಿ ಕನ್ನಡದ ಭಾಷಾಸಂಕೇತ ಕೊಟ್ಟರೆ ವರ್ಣಮಾಲೆಯ ಕ್ರಮ ಬರುತ್ತೆ.

ಪುಟಕ್ಕೆ ಹಾಕೋವಾಗ, ತಿದ್ದಿದ ಮೇಲೆ

ಬಂದ ಪದವನ್ನು ಪುಟದಲ್ಲಿ ಕೂರಿಸೋಕೆ 'ಇನ್ನರ್ ಹೆಚ್‌ಟಿಎಂಎಲ್' ಸುಲಭ ಅಂತ ಎಲ್ಲ ವಿಡಿಯೋಗಳೂ ಹೇಳಿಕೊಡುತ್ತವೆ. ನಾವು ಬೇಡ ಅಂತೀವಿ. ಶೀಟ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು ಅಂತ ಬಾಗಿಲು ತೆರೆದ ಮೇಲೆ, ತಮಾಷೆಗಾದರೂ ಯಾರೋ ಒಬ್ಬರು ಚಿತ್ರದ ಟ್ಯಾಗ್‌ನೊಳಗೆ ಸ್ಕ್ರಿಪ್ಟ್ ಅಡಗಿಸಿ ಬರೀತಾರೆ, ಅದು ಓದೋರ ಬ್ರೌಸರ್‌ನಲ್ಲಿ ಓಡುತ್ತೆ. 'ಟೆಕ್ಸ್ಟ್ ಕಂಟೆಂಟ್' ಬಳಸಿದರೆ ಬಂದದ್ದೆಲ್ಲ ಬರೀ ಅಕ್ಷರವಾಗಿಯೇ ಕೂರುತ್ತೆ. ಎರಡು ಸಾಲು ಹೆಚ್ಚು ಬರೀಬೇಕಾಗುತ್ತೆ, ಬರೀರಿ.

ಪದ ತಿದ್ದಿ ಏರಿಸಿದ ಮೇಲೂ ಹಳೆಯದೇ ಕಾಣುತ್ತಿದೆ ಅಂದ್ರೆ ಬ್ರೌಸರ್ ತನ್ನ ಬಳಿ ಕಾಪಿಟ್ಟ ಪ್ರತಿಯನ್ನೇ ತೋರಿಸುತ್ತಿದೆ ಅಂತ. ಫೆಚ್‌ಗೆ ವಿಳಾಸದ ಜೊತೆ 'ಕ್ಯಾಶ್' ಆಯ್ಕೆಯಲ್ಲಿ 'ನೋ ಕ್ಯಾಶ್' ಅಂತ ಕೊಡಿ. ಹೆಸರು ಕೇಳಿದರೆ ಏನೂ ಕಾಪಿಡಬೇಡ ಅಂದ ಹಾಗಿದೆ, ಆದರೆ ಅದರ ಅರ್ಥ 'ಪ್ರತಿ ಸಲ ಸರ್ವರ್ ಅನ್ನು ಕೇಳಿ, ಬದಲಾಗಿದ್ದರೆ ಮಾತ್ರ ಹೊಸದು ತಾ' ಅಂತ. ಬದಲಾಗದಿದ್ದರೆ ಸರ್ವರ್ 304 ಅಂತ ಚುಟುಕಾಗಿ ಹೇಳುತ್ತೆ, ಊರಿನ ಗೆಳೆಯರ ಡೇಟಾ ಪ್ಯಾಕ್ ಉಳಿಯುತ್ತೆ.

ಕೊನೆಗೆ, ಎಕ್ಸಿಬಿಷನ್‌ಗೋ ಹಳ್ಳಿ ಶಾಲೆಗೋ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕಾದರೆ ಅಲ್ಲಿ ಸರ್ವರ್ ಇರಲ್ಲ, ಡಬಲ್ ಕ್ಲಿಕ್ಕೇ ಗತಿ. ಆಗ ಹಳೇ ಉಪಾಯವೇ ಸರಿ: ಜೇಸನ್ ಪಠ್ಯದ ಮುಂದೆ ಒಂದು ವೇರಿಯಬಲ್ ಹೆಸರು ಮತ್ತು ಸಮಚಿಹ್ನೆ ಹಾಕಿ, ಅದನ್ನು ಜಾವಾಸ್ಕ್ರಿಪ್ಟ್ ಕಡತವಾಗಿ ಉಳಿಸಿ, ಪುಟದಲ್ಲಿ ಮಾಮೂಲಿ ಸ್ಕ್ರಿಪ್ಟ್ ಟ್ಯಾಗ್‌ನಿಂದ ಕರೆಯೋದು. ಸ್ಕ್ರಿಪ್ಟ್ ಟ್ಯಾಗ್‌ಗೆ ಆ ತಡೆ ಇಲ್ಲ. ಮಾಡ್ಯೂಲ್ ಅಂತ ಬಗೆ ಬರೆದರೆ ಮಾತ್ರ ಅದೂ ತಡೆಯುತ್ತೆ, ಹಾಗಾಗಿ ಬರೀಬೇಡಿ. ಆಗಲೂ ಪದಗಳು ಪುಟದಿಂದ ಹೊರಗೇ ಇರುತ್ತವೆ. ತಿದ್ದಬೇಕಾದರೆ ನೋಟ್‌ಪ್ಯಾಡ್‌ನಲ್ಲಿ ಆ ಒಂದು ಕಡತ ತೆರೆದರೆ ಸಾಕು, ಉಳಿಸುವಾಗ ಕೆಳಗಿನ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.